ಹಳ್ಳದ ಫೋಟೋಕ್ಕೆ ಅರಿಶಿನ ಕುಂಕುಮ

ಧನುರ್ಮಾಸ ಬಂತೆಂದರೆ ಹೊನ್ನಾಳಿಯಲ್ಲಿ ನನ್ನಂಥ ಫೋಟೋ ಸ್ಟುಡಿಯೋದವರಿಗೆ ನೊಣ ಹೊಡೆಯುವ ಕೆಲಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಪೂಜೆಯೂ ಇಲ್ಲ. ಇಡೀ ದಿನಕ್ಕೆ ಬಂದರೆ ಯಾರೋ ಇಬ್ಬರು ಬ್ಯಾಂಕಿಗೆ ಕೊಡುವ ಫೋಟೋಕ್ಕೆ ಬರುತ್ತಾರೆ. ಉಳಿದ ಹೊತ್ತು ನಾನು ಬಾಗಿಲ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಮೊಬೈಲಿನಲ್ಲಿ ಫೋಟೋ ತೆಗೆದು ತಾನೂ ಫೋಟೋಗ್ರಾಫರ್ ಎನ್ನುವ ಊರಿನವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಾ ಕೂತಿರುತ್ತೇನೆ. ಅಂಥದ್ದೊಂದು ಬೆಳಗ್ಗೆ ಅಂಗಡಿ ಬಾಗಿಲು ಎತ್ತೋಣವೆಂದು ಹೋದರೆ ಮೆಟ್ಟಿಲ ಮೇಲೆ ಅಕ್ಕ ಕೂತಿದ್ದಳು. ದಾವಣಗೆರೆ ಆಸ್ಪತ್ರೆಯಲ್ಲಿ ಬಾಣಂತಿ ಮಗಳ ಪಕ್ಕ ಇರಬೇಕಾದವಳು ಮೊದಲ ಬಸ್ಸಿಗೆ ಇಲ್ಲಿಗೆ ಬಂದಿದ್ದಳು.

"ಏನಾಯ್ತಕ್ಕಾ?"

"ಏನೂ ಆಗಿಲ್ಲ ಕಣೋ, ಹಂಗೆ ಕಣ್ಣು ಬಿಡಬ್ಯಾಡ. ಕೂಸು ಐತೆ. ಕ್ಯಾಮೆರಾ ತಗೊಂಡು ನಡಿ, ನಮ್ಮ ಗುಡ್ಡದ ಹಳ್ಳದ ಫೋಟೋ ತೆಗೀಬೇಕು."

"ಹಳ್ಳದ್ದಾ? ಈ ಚಳೀಲಿ? ನಿಂಗೆ ತಲೆ ನೆಟ್ಟಗೈತಾ?"

"ನೆಟ್ಟಗಿದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?" ಅಂದಳು. ಹೇಳುವಾಗ ನಗಲಿಲ್ಲ. ಕಣ್ಣು ಕೆಂಪಗಿದ್ದವು.

ಕೂಸು ಉಳಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ಕೊನೆಯ ತನಕ ಜೀವ ಕೈಯಲ್ಲಿ ಹಿಡಿಸಿ ಕೂರಿಸುವವರನ್ನು ಕಂಡರೆ ನನಗಾಗದು. ಆದರೆ ಆ ಬೆಳಗ್ಗೆ ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ನಮಗಾಗ ಕೂಸಿಗಿಂತ ಹೆಚ್ಚಾಗಿ ಅದರ ತಾಯಿಯದೇ ಚಿಂತೆಯಾಗಿತ್ತು.

ತಾಯಿ ಎಂದರೆ ಅಕ್ಕನ ಮಗಳು, ನನ್ನ ಸೊಸೆ ಲೆಕ್ಕ. ಅಕ್ಕನನ್ನು ಕೊಟ್ಟಿರುವುದು ನ್ಯಾಮತಿ ತಾಲ್ಲೂಕಿನ ಗುಡ್ಡದ ಬುಡದ ಒಂದು ಊರಿಗೆ. ಆ ಹುಡುಗಿ ಬೆಳೆದದ್ದೇ ಆ ಗುಡ್ಡದಿಂದ ಇಳಿಯುವ ಹಳ್ಳದಲ್ಲಿ ಅನ್ನಬೇಕು. ಅರಿವೆ ಒಗೆಯುವುದಕ್ಕೆ ಹಳ್ಳ, ಎಮ್ಮೆ ಮೈ ತೊಳೆಯುವುದಕ್ಕೆ ಹಳ್ಳ, ಅವ್ವನ ಹತ್ತಿರ ಬೈಸಿಕೊಂಡರೆ ಮುಖ ಊದಿಸಿಕೊಂಡು ಕೂರುವುದಕ್ಕೂ ಹಳ್ಳ. ಅಂಥವಳನ್ನು ಜಗಳೂರು ಸೀಮೆಗೆ, ಬಿಳಿಚೋಡಿಗೆ ಮದುವೆ ಮಾಡಿಕೊಟ್ಟೆವು. ಹುಡುಗ ಚಿನ್ನದಂಥವನು, ಅದರ ಬಗ್ಗೆ ಮಾತಿಲ್ಲ. ಮನೆಯಲ್ಲಿ ಕುರಿ ಇದ್ದವು, ಮಳೆ ನಂಬಿದ ಹೊಲ ಇತ್ತು. ನೀರು ಮಾತ್ರ ಬೋರಿನಿಂದ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ನಲ್ಲಿಗೆ.

ನಮ್ಮ ಕಡೆ ಹೆರಿಗೆಯಾದ ಮೇಲೆ ಬಾಣಂತಿ ನೀರಿನ ಹತ್ತಿರ ಹೋಗಿ ಗಂಗಮ್ಮನ ಪೂಜೆ ಮಾಡಬೇಕು. ಐದು ಕಲ್ಲು ತೊಳೆದು ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಬೆಲ್ಲ ಇಟ್ಟು ಕೈ ಮುಗಿದು, ಒಂದು ಬಿಂದಿಗೆ ನೀರು ಹೊತ್ತು ತರಬೇಕು. ಅಲ್ಲಿಗೆ ಅವಳು ಮತ್ತೆ ಮನೆಯ ಹೆಂಗಸಾದಳು ಎಂದು ಲೆಕ್ಕ. ಹೋದ ಸಲ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು ಅನ್ನುವಷ್ಟರಲ್ಲಿ ಅವಳಿಗೆ ಅಲ್ಲೇ ನೋವು ಕಾಣಿಸಿಕೊಂಡು, ಬಾಣಂತನವೂ ಬಿಳಿಚೋಡಿನಲ್ಲೇ ಆಯಿತು. ಗಂಗೆ ಪೂಜೆಯನ್ನು ಹಿತ್ತಲ ನಲ್ಲಿಯ ಮುಂದೆ ಮುಗಿಸಿದರು. ಎಲ್ಲರೂ ಈಗ ಹಾಗೇ ಮಾಡುವುದು. ಅದಾಗಿ ಕೆಲವೇ ದಿನಕ್ಕೆ, ಹೆಸರಿಡುವ ಮೊದಲೇ, ಆ ಕೂಸು ಹೋಯಿತು.

ಹೋದದ್ದು ಹೋಯಿತು, ದೇವರಿಟ್ಟ ಹಾಗೆ ಎಂದು ಎಲ್ಲರೂ ಸಮಾಧಾನ ಮಾಡುತ್ತಿರುವಾಗ ಅಳಿಯನ ದೊಡ್ಡಮ್ಮ ಸೊಕ್ಕೆ ಊರಿನಿಂದ ಮಾತಾಡಿಸಲು ಬಂದಳು. ಬಂದವಳು ಬಾಯಿ ಮುಚ್ಚಿಕೊಂಡು ಎರಡು ತೊಟ್ಟು ಕಣ್ಣೀರು ಹಾಕಿ ಹೋಗಬೇಕೋ ಬೇಡವೋ? "ಟ್ಯಾಂಕಿನ ನಲ್ಲಿಗೆ ಕುಂಕುಮ ಹಚ್ಚಿದ್ರೆ ಗಂಗಮ್ಮ ಹೆಂಗೆ ಒಲೀತಾಳವ್ವಾ? ಹರಿಯೋ ನೀರಾಗಬೇಕಿತ್ತು" ಅಂದಳಂತೆ. ಆ ಸೀಮೆಯಲ್ಲಿ ಹರಿಯುವ ನೀರನ್ನು ಎಲ್ಲಿಂದ ತರಬೇಕಿತ್ತು ಅನ್ನುವುದನ್ನೂ ಆ ಮಹಾತಾಯಿಯೇ ಹೇಳಬೇಕಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಸುಳ್ಳಲ್ಲ. ಆಕೆ ಅಂದು ಮರೆತಳು. ನಮ್ಮ ಹುಡುಗಿ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಳು.

ಈಗ ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಬಂತು. ನ್ಯಾಮತಿಯಿಂದ ದಾವಣಗೆರೆಗೆ ಒಯ್ದರು. ಹೆಣ್ಣು ಕೂಸು, ನನ್ನ ಎರಡು ಅಂಗೈ ಜೋಡಿಸಿದರೆ ಅದರೊಳಗೆ ಮಲಗುವಷ್ಟು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿ ಬಂದು ಎದೆಯ ಮೇಲೆ ಮಲಗಿಸಿಕೊಳ್ಳಲಿ, ಹಾಲು ಹಿಂಡಿ ಕೊಡಲಿ, ನಾವು ಹಾಕುವ ಔಷಧಿಗಿಂತ ಅದು ದೊಡ್ಡದು ಎಂದು ಡಾಕ್ಟರಮ್ಮ ದಿನಾ ಹೇಳುತ್ತಿದ್ದರು. ಇವಳು ಹಾಸಿಗೆ ಬಿಟ್ಟು ಏಳಲಿಲ್ಲ. ಕೂಸಿರುವ ಕೋಣೆ ಅದೇ ಮಹಡಿಯಲ್ಲಿತ್ತು. ನಡೆದರೆ ನಾಲ್ಕು ಹೆಜ್ಜೆ. ಹುಟ್ಟಿದಾಗಿನಿಂದ ಒಂದು ಸಲವೂ ಅದನ್ನು ನೋಡಿರಲಿಲ್ಲ. ಹಾಲೂ ಬತ್ತುತ್ತಾ ಬಂದಿತ್ತು.

ನಾನು ಹೋಗಿ ಗದರಿದ್ದೆ. ನನ್ನ ಬಾಯಿ ಅಂಥದ್ದು. "ಏನವ್ವಾ ಇದು, ಬೆಕ್ಕು ನಾಯಿಗೂ ತನ್ನ ಮರಿ ಮೇಲೆ ಕರುಣೆ ಇರ್ತೈತೆ" ಅಂದುಬಿಟ್ಟೆ. ಅವಳು ನನ್ನ ಮುಖ ನೋಡಿ, "ನಮ್ಮ ಹಳ್ಳದ ಗಂಗಮ್ಮನ ಪೂಜೆ ಮಾಡ್ದೆ ನಾನು ಅದರ ಮುಖ ನೋಡಲ್ಲ ಮಾವ" ಅಂದಳು. ಆಪರೇಷನ್ ಹೊಲಿಗೆ ಬಿಚ್ಚುವ ತನಕ ಎಲ್ಲಿಗೂ ಕಳಿಸುವುದಿಲ್ಲ ಎಂದು ಆಸ್ಪತ್ರೆಯವರು. ಅಲ್ಲಿಯ ತನಕ ಹಾಲಿಲ್ಲದೆ ಕೂಸು ಇರಬೇಕಲ್ಲ ಎಂದು ಅಕ್ಕ. ಅಳಿಯ ಪಾಪ ಔಷಧಿ ಅಂಗಡಿಗೂ ವಾರ್ಡಿಗೂ ನಡುವೆ ಓಡಾಡುತ್ತಿದ್ದ.

ಅದಕ್ಕೇ ಅಕ್ಕ ನನ್ನ ಮೆಟ್ಟಿಲ ಮೇಲೆ ಬಂದು ಕೂತಿದ್ದು. ರಾತ್ರಿಯೆಲ್ಲ ಕೂತು ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದಳು.

"ದೇವ್ರ ಫೋಟೋಕ್ಕೆ ಪೂಜೆ ಮಾಡ್ತೀವೋ ಇಲ್ವೋ? ಗಂಗಮ್ಮ ಏನು ದೇವ್ರಲ್ವಾ? ಅವಳಿಗೆ ಹಳ್ಳದ ತಾವ ಹೋಗಾಕೆ ಆಗಲ್ಲ, ಹಳ್ಳನೇ ಅವಳ ತಾವ ಬರ್ಲಿ."

"ಚೊಂಬಲ್ಲಿ ನೀರು ತಗೊಂಡು ಹೋದ್ರೆ ಆಗಲ್ವಾ?"

"ಅದನ್ನೂ ತರ್ತೀನಿ. ಚೊಂಬಿನ ನೀರು ಹಳ್ಳದ್ದೋ ನಲ್ಲೀದೋ ಅಂತ ಅನುಮಾನ ಬಂದ್ರೆ? ಅವಳ ಮನಸ್ಸು ಈಗ ಹಂಗೈತೆ. ಕಣ್ಣಿಗೆ ಕಾಣ್ಬೇಕು ಕಣೋ."

ಎತ್ತಿದ ಬಾಗಿಲನ್ನು ಮತ್ತೆ ಎಳೆದು ಬೀಗ ಹಾಕಿದೆ.

ಬೈಕಿನ ಹಿಂದೆ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಇಬ್ಬನಿಗೆ ಅದರ ಮೇಲೆ ಹೊದಿಸಿದ್ದ ತಾಡಪಾಲು ಒದ್ದೆಯಾಗಿ ಹೊಳೆಯುತ್ತಿತ್ತು. ಅಕ್ಕ ದಾರಿಯುದ್ದಕ್ಕೂ ನನ್ನ ಸ್ವೆಟರಿನ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಮನೆಯಿಂದ ಚೊಂಬು, ಅರಿಶಿನ ಕುಂಕುಮದ ಬಟ್ಟಲು, ಒಂದು ಚೂರು ಬೆಲ್ಲ ತೆಗೆದುಕೊಂಡು ಗುಡ್ಡ ಹತ್ತಿದೆವು. ಹತ್ತುವುದೆಂದರೆ ಬಹಳವೇನಿಲ್ಲ, ಅಕ್ಕನ ಮಂಡಿಗೆ ಮಾತ್ರ ಬಹಳ. ಒಂದೊಂದು ಕಲ್ಲಿಗೂ "ಶಿವಾ" ಅನ್ನುತ್ತಾ ಬಂದಳು. ಕೈ ಕೊಟ್ಟರೆ, "ನಿನ್ನ ಡಬ್ಬ ಹಿಡ್ಕೋ ನೀನು, ಬಿದ್ರೆ ಅದು ಒಡೀತೈತೆ, ನಾನು ಒಡೆಯಲ್ಲ" ಅಂದಳು.

ಆ ಹಳ್ಳವನ್ನು ನಾನು ಮಳೆಗಾಲದಲ್ಲಿ ನೋಡಿದ್ದೇನೆ. ಆಗ ಅದರ ಸದ್ದು ಊರಿನ ಬಸ್ ನಿಲ್ದಾಣಕ್ಕೇ ಕೇಳುತ್ತದೆ. ಪುಷ್ಯದಲ್ಲಿ ಅದರ ಹತ್ತಿರ ಹೋಗಿ ನಿಲ್ಲುವ ತನಕ ಅಲ್ಲಿ ನೀರಿದೆ ಎಂದೇ ಗೊತ್ತಾಗಲಿಲ್ಲ. ಎರಡೂ ದಡದಲ್ಲಿ ಹೊಂಗೆ ಮರ, ಮತ್ತಿ ಮರ. ತಳದಲ್ಲಿ ಬಿಳಿಯ ಕಲ್ಲುಗಳು, ಅವುಗಳ ಮೇಲೆ ಒಣಗಿದ ಎಲೆ. ಮೇಲಿನ ಬಂಡೆಯಿಂದ ಮೂರು ಎಳೆಯಾಗಿ ನೀರು ಇಳಿದು, ಅರಿವೆ ಒಗೆಯುವ ಕಲ್ಲಿನ ಪಕ್ಕ ಒಂದು ಸಣ್ಣ ಗುಂಡಿಯಲ್ಲಿ ನಿಂತು, ಅಲ್ಲಿಂದ ಮತ್ತೆ ಕಲ್ಲಿನ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಬಿಸಿಲು ಇನ್ನೂ ಆ ಇಳಿಜಾರಿಗೆ ಬಂದಿರಲಿಲ್ಲ. ನೀರಿನ ಮೇಲೆ ತೆಳ್ಳಗೆ ಹಬೆಯಾಡುತ್ತಿತ್ತು. ಅಕ್ಕ ಬಗ್ಗಿ ನೋಡಿದಳು.

"ಇಷ್ಟೇನಾ?" ಅಂದಳು ಮೆಲ್ಲಗೆ. ಅವಳು ಆ ಹಳ್ಳದ ಪಕ್ಕದಲ್ಲೇ ಬಾಳಿದವಳು, ಪುಷ್ಯದಲ್ಲಿ ಇಷ್ಟೇ ಇರುತ್ತದೆಂದು ನನಗಿಂತ ಚೆನ್ನಾಗಿ ಗೊತ್ತು. ಆದರೆ ಮಗಳಿಗೆ ಒಯ್ಯಬೇಕು ಎಂದಾಗ ಇರುವುದು ಯಾವಾಗಲೂ ಕಡಿಮೆಯೇ ಕಾಣುತ್ತದೆ.

ಅವಳು ಚಪ್ಪಲಿ ಬಿಟ್ಟು ನೀರಿಗಿಳಿದು, ಐದು ಕಲ್ಲು ಆರಿಸಿ ತೊಳೆದು ಗುಂಡಿಯ ಅಂಚಿಗೆ ಸಾಲಾಗಿ ಇಟ್ಟಳು. ನಾನು ಟ್ರೈಪಾಡಿನ ಕಾಲುಗಳನ್ನು ಕಲ್ಲುಗಳ ನಡುವೆ ಸಿಕ್ಕಿಸುತ್ತಿದ್ದೆ. ಬೆರಳು ಮರಗಟ್ಟಿ ತಿರುಪು ತಿರುಗಿಸಲು ಬರುತ್ತಿರಲಿಲ್ಲ. ಉಸಿರು ಬಿಟ್ಟರೆ ಲೆನ್ಸಿನ ಮೇಲೆ ಮಂಜು ಕೂರುತ್ತಿತ್ತು, ಒರೆಸಿದರೆ ಮತ್ತೆ ಕೂರುತ್ತಿತ್ತು. ಬೆಳಕು ಎಷ್ಟಿದೆ, ಫೋಕಸ್ ಎಲ್ಲಿ ಬಿದ್ದಿದೆ ನೋಡೋಣವೆಂದು ಅವಳು ಕಲ್ಲಿಗೆ ಅರಿಶಿನ ಹಚ್ಚುತ್ತಿರುವಾಗಲೇ ಒಂದು ಸುಮ್ಮನೆ ಕ್ಲಿಕ್ ಮಾಡಿ ನೋಡಿದೆ. ಆಮೇಲೆ ಅವಳನ್ನು ಪಕ್ಕಕ್ಕೆ ಸರಿಸಿ ನನ್ನ ನಿಜವಾದ ಕೆಲಸ ಶುರುಮಾಡಿದೆ.

ನಮ್ಮ ವಿದ್ಯೆಯಲ್ಲಿ ನೀರಿಗೆ ಒಂದು ಉಪಾಯ ಇದೆ. ಕ್ಯಾಮೆರಾದ ಕಣ್ಣನ್ನು ತಟ್ಟನೆ ಮುಚ್ಚಿಸದೆ ಒಂದೆರಡು ಸೆಕೆಂಡು ತೆರೆದೇ ಇಟ್ಟರೆ, ಆ ಹೊತ್ತಿನಲ್ಲಿ ಹರಿದ ನೀರೆಲ್ಲ ಒಂದರ ಮೇಲೊಂದು ಬಿದ್ದು ಹಾಲಿನ ಹಾಗೆ ಕಾಣುತ್ತದೆ. ಎಳೆ ಎಳೆಯಾಗಿದ್ದದ್ದು ಕೂಡಿಕೊಂಡು ದಪ್ಪಗಾಗುತ್ತದೆ. ಕ್ಯಾಲೆಂಡರಿನಲ್ಲಿ ಬರುವ ಜಲಪಾತಗಳೆಲ್ಲ ಹಾಗೆ ಮಾಡಿದವೇ. ಚನ್ನಗಿರಿಯಲ್ಲಿ ಕೆಲಸ ಕಲಿಯುವಾಗ ನನಗೆ ಅದನ್ನು ಕಲಿಸಿದ್ದರು. ಭದ್ರಾ ಚಾನೆಲ್ಲಿನ ತೂಬಿನ ಹತ್ತಿರ ನಿಂತು ಕಲಿತಿದ್ದೆ. ಅವತ್ತು ಅದನ್ನೇ ಮಾಡಿದೆ. ಕ್ಯಾಮೆರಾದ ಪರದೆಯನ್ನು ಅಕ್ಕನಿಗೆ ತೋರಿಸಿದೆ.

"ಅಯ್ಯೋ ಶಿವನೇ! ಹಾಲು ಉಕ್ಕಿದಂಗೈತಲ್ಲೋ!"

ಅವಳ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಬೆಳಕು ಕಂಡಿತು. ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ. ಆದರೂ ಅಂದೆ:

"ಇಷ್ಟು ನೀರಿಲ್ಲಲ್ಲಕ್ಕಾ ಇಲ್ಲಿ."

"ಇಲ್ದಿದ್ರೆ ಏನೀಗ? ಮದುವೆ ಹೆಣ್ಣುಗಳ ಮುಖಕ್ಕೆ ಕಂಪ್ಯೂಟರಲ್ಲಿ ಬಿಳಿ ಬಳಿಯಲ್ವಾ ನೀನು? ಗಂಗಮ್ಮಂಗೂ ಒಂಚೂರು ಬಳಿ. ತುಂಬಿದ ಹಳ್ಳ ನೋಡಿದ್ರೆ ಹುಡುಗೀದು ಅರ್ಧ ರೋಗ ಅಲ್ಲೇ ಹೋಗ್ತೈತೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನಲ್ಲ ನಾನು. ಆದರೆ ಅಕ್ಕ ಅಷ್ಟು ಆಸೆಯಿಂದ ಹೇಳುವಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅವಳು ಚೊಂಬಿಗೆ ನೀರು ತುಂಬಿ ಬಾಯಿಗೆ ಮುತ್ತುಗದ ಎಲೆ ಕಟ್ಟಿದಳು. ಹೊನ್ನಾಳಿಗೆ ವಾಪಸ್ ಬಂದು ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಗಾಜು ಕೂರಿಸಿ, ನನ್ನ ಹತ್ತಿರ ಇದ್ದದ್ದರಲ್ಲೇ ಒಳ್ಳೆಯ ಚೌಕಟ್ಟು ಹಾಕಿದೆ. ಹೊಳೆಹೊಳೆಯುತ್ತಿತ್ತು. ಯಾರಾದರೂ ನೋಡಿದರೆ ಇದು ಯಾವ ಜೋಗವಪ್ಪಾ ಎಂದು ಕೇಳಬೇಕು, ಹಾಗಿತ್ತು.

ಮಾರನೆಯ ಬೆಳಗ್ಗೆ ದಾವಣಗೆರೆಗೆ ಹೋದೆವು. ವಾರ್ಡಿನಲ್ಲಿ ಆ ಹುಡುಗಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಶಾಲು ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಕ್ಕ ಮಂಚದ ಮೇಲೆ ಪೇಪರು ಬಿಚ್ಚಿ ಫೋಟೋ ನಿಲ್ಲಿಸಿದಳು.

"ನೋಡವ್ವಾ, ಎದ್ದು ನೋಡು. ಯಾರು ಬಂದಾರೆ ನೋಡು. ಗಂಗಮ್ಮ ಬಂದಾಳೆ."

ಅವಳು ತಿರುಗಿದಳು. ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಗಳಿಗೆ ಏನೋ ಅರಳಿದಂತಾಯಿತು. ಆಮೇಲೆ ಅದು ಮುಚ್ಚಿಕೊಂಡಿತು.

"ಇದು ಯಾವ ಹಳ್ಳ?"

"ನಮ್ದೇ ಕಣವ್ವಾ. ನಿನ್ನೆ ನಾನೇ ನಿಂತು ತೆಗೆಸಿದ್ದು."

"ಪುಷ್ಯದಾಗೆ ನಮ್ಮ ಹಳ್ಳ ಹಿಂಗಿರಲ್ಲ. ಒಗೆಯೋ ಕಲ್ಲಿನ ತಾವ ಈಗ ಪಾದ ಮುಳುಗೋಷ್ಟೂ ನೀರಿರಲ್ಲ." ಗಾಜಿನ ಮೇಲೆ ಬೆರಳಿಟ್ಟಳು. "ಇದು ನೀರೇ ಅಲ್ಲ ಅವ್ವಾ. ಹೊಗೆ ಇದ್ದಂಗೈತೆ."

ಅಕ್ಕ ಏನೋ ಹೇಳಲು ಹೋದಳು. ಹುಡುಗಿ ಅವಳನ್ನು ಬಿಟ್ಟು ನನ್ನ ಕಡೆ ನೋಡಿದಳು.

"ನೀವೂ ಶುರು ಮಾಡಿದ್ರಾ ಮಾವ? ಹೋದ ಸಲನೂ ಎಲ್ಲ ಹಿಂಗೇ ಅಂದ್ರು. ಚೆನ್ನಾಗೈತೆ, ಕೂಸು ಚೆನ್ನಾಗೈತೆ, ನೀನು ಮಲ್ಕೋ ಅಂತ. ಬೆಳಗಾಗೋ ತನಕ ಚೆನ್ನಾಗೈತೆ ಅಂತಾನೇ ಅಂದ್ರು."

ಮತ್ತೆ ಗೋಡೆಯ ಕಡೆ ತಿರುಗಿದಳು. ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ಕೆಳಗೆ ಕೂತಳು. ನನ್ನ ಬದುಕಿನಲ್ಲಿ ನನ್ನ ಫೋಟೋಗಳನ್ನು ಚೆನ್ನಾಗಿಲ್ಲ ಅಂದವರು ಬಹಳ ಮಂದಿ. ಮೂಗು ದಪ್ಪ ಬಂತು, ಬಣ್ಣ ಕಪ್ಪು ಬಂತು ಎಂದು ಜಗಳ ತೆಗೆದವರಿಗೆಲ್ಲ ನಾನು ಜೋರಾಗೇ ಉತ್ತರ ಕೊಟ್ಟಿದ್ದೇನೆ. ಅವತ್ತು ಆ ಚೌಕಟ್ಟನ್ನು ಎತ್ತಿ ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು. ಉಲ್ಟಾ ಮಾಡಿ ಮಂಚದ ಕೆಳಗಿಟ್ಟೆ.

ಕ್ಯಾಮೆರಾ ಚೀಲ ಹೆಗಲ ಮೇಲೇ ಇತ್ತು. ಅದನ್ನು ಎಲ್ಲಿಯೂ ಬಿಟ್ಟು ಹೋಗುವ ನಂಬಿಕೆ ನನಗಿಲ್ಲ. ಬೇರೆ ಏನು ಮಾಡಲೂ ತೋಚದೆ ಅದನ್ನು ತೆಗೆದು, ಬೆಳಕು ನೋಡಲೆಂದು ಹೊಡೆದ ಆ ಮೊದಲ ಫೋಟೋವನ್ನು ಹುಡುಕಿದೆ. ಸ್ಟುಡಿಯೋದಲ್ಲಾಗಿದ್ದರೆ ಅದನ್ನು ನಾನು ಯಾವತ್ತೋ ಅಳಿಸಿರುತ್ತಿದ್ದೆ. ಒಂದು ಮೂಲೆಗೆ ಅಕ್ಕನ ಒಡಕು ಹಿಮ್ಮಡಿ, ಕಾಲುಂಗುರ. ಅರ್ಧ ಹಳದಿಯಾದ ಕಲ್ಲುಗಳು. ಕೊಳೆತ ಎಲೆ. ಬಂಡೆಯಿಂದ ಇಳಿಯುವ ಮೂರು ಎಳೆ ನೀರು. ತಟ್ಟನೆ ತೆಗೆದದ್ದಾದ್ದರಿಂದ ಒಂದೊಂದು ಹನಿಯೂ ಬೇರೆ ಬೇರೆಯಾಗಿ ಗಾಳಿಯಲ್ಲೇ ನಿಂತಿತ್ತು.

"ಮಗಳೇ" ಅಂದೆ. "ತಪ್ಪು ತಿಳೀಬ್ಯಾಡ. ಹಳ್ಳ ಇರೋದು ಹಿಂಗೆ. ನೋಡಿದ್ರೆ ನೋಡು, ಬಿಟ್ರೆ ಬಿಡು."

ಕ್ಯಾಮೆರಾವನ್ನು ಅವಳ ಕಡೆ ಚಾಚಿದೆ. ಹಿಡಿದ ಕೈ ಇಳಿಸಲಿಲ್ಲ. ಕೊನೆಗೆ ಅವಳು ತಲೆ ಮಾತ್ರ ತಿರುಗಿಸಿದಳು. ಅಂಗೈಯಷ್ಟು ಪರದೆ, ಅದಕ್ಕೆ ಹತ್ತಿರ ಬಂದು ನೋಡಬೇಕು. ಮೊಣಕೈ ಊರಿ ಎದ್ದಳು.

"ಅವ್ವನ ಕಾಲಲ್ವಾ ಇದು?"

"ಹೂಂ."

"ಇಷ್ಟೇ ಐತಾ ನೀರು?"

"ಇಷ್ಟೇ ಐತೆ."

"ನಿಂತಿಲ್ಲಲ್ಲ?"

"ಇಲ್ಲವ್ವಾ. ಸಣ್ಣಗೆ ಹರೀತೈತೆ. ಕಿವಿಗೊಟ್ರೆ ಸದ್ದೂ ಕೇಳ್ತೈತೆ."

ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ. "ಅವ್ವಾ, ಅರಿಶಿನ ತಂದಿದ್ದೀಯಾ?" ಅಂದಳು.

ಅಕ್ಕ ದಡಬಡ ಎದ್ದಳು. ಮಂಚದ ಮೇಲೆ ಟವೆಲು ಹಾಸಿ ಅದರ ಮೇಲೆ ನನ್ನ ಕ್ಯಾಮೆರಾವನ್ನು ಕೂರಿಸಿದಳು. ಬಟನ್ ಒತ್ತುತ್ತಾ ಇರದಿದ್ದರೆ ಪರದೆ ಆರಿಹೋಗುತ್ತದೆ. ಅದಕ್ಕೆ ನಾನು ಮಂಡಿಯೂರಿ ಪಕ್ಕದಲ್ಲಿ ಕೂತು ಹೆಬ್ಬೆರಳಿನಿಂದ ಗಂಗಮ್ಮನನ್ನು ಎಚ್ಚರವಾಗಿಟ್ಟೆ. ಹುಡುಗಿ ಒದ್ದೆ ಅರಿಶಿನದಲ್ಲಿ ಬೆರಳು ಅದ್ದಿ ಪರದೆಯ ಮೇಲೆ ಹಚ್ಚಿದಳು, ಕಲ್ಲುಗಳು ಎಲ್ಲಿದ್ದವೋ ಸರಿಯಾಗಿ ಅಲ್ಲಲ್ಲೇ. ಕುಂಕುಮ ಇಟ್ಟಳು. 

ನನ್ನ ಹೆಂಡತಿಗೂ ಆ ಕ್ಯಾಮೆರಾದ ಧೂಳು ಒರೆಸಲು ಬಿಡುವವನಲ್ಲ ನಾನು. ಅವತ್ತು ಅರಿಶಿನ ಹಚ್ಚಲು ಬಿಟ್ಟೆ. ಅಕ್ಕ ಚೊಂಬಿನ ಎಲೆ ಬಿಚ್ಚಿ ಪರದೆಗೆ ನೀರು ಪ್ರೋಕ್ಷಣೆ ಮಾಡಲು ಕೈ ಎತ್ತಿದಾಗ ಮಾತ್ರ "ಅಕ್ಕಾ, ನೀರು ಬ್ಯಾಡ, ನೀರು ಬ್ಯಾಡ!" ಎಂದು ಕೂಗಿಬಿಟ್ಟೆ. ಪಕ್ಕದ ಮಂಚದವರೆಲ್ಲ ನಕ್ಕರು. ಹುಡುಗಿಯೂ ಅಳುತ್ತಲೇ ಒಂದಿಷ್ಟು ನಕ್ಕಳು. ಆ ನೀರನ್ನು ತನ್ನ ತಲೆಗೆ ಮುಟ್ಟಿಸಿಕೊಂಡು, ಕೈ ಮುಗಿದು, ನೆಲಕ್ಕೆ ಕಾಲಿಟ್ಟಳು.

ಹೊಲಿಗೆ ಎಳೆಯುತ್ತಿತ್ತು. ಅಕ್ಕನ ಹೆಗಲು ಹಿಡಿದು ಮೆಲ್ಲಗೆ ನಡೆದಳು. ಕೂಸುಗಳ ಕೋಣೆಯ ಬಾಗಿಲಲ್ಲಿ ನರ್ಸು ಇಬ್ಬರಿಗೂ ಕೈ ತೊಳೆಸಿ, ಹಸಿರು ಗೌನು ತೊಡಿಸಿ ಒಳಗೆ ಕರೆದುಕೊಂಡರು. ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದರು. ಅಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತವಳು ಕಣ್ಣು ಮುಚ್ಚಿಕೊಂಡಿದ್ದಳು. ನರ್ಸು ಪೆಟ್ಟಿಗೆಯಿಂದ ಕೂಸನ್ನು ತೆಗೆದು ಅವಳ ಎದೆಯ ಮೇಲೆ ಇಟ್ಟು, ಮೇಲೆ ಬಟ್ಟೆ ಹೊದಿಸಿದರು. ಆಗಲೂ ಕಣ್ಣು ಬಿಡಲಿಲ್ಲ. ಕೈ ಮಾತ್ರ ತಾನಾಗಿಯೇ ಕೂಸಿನ ಬೆನ್ನಿಗೆ ಹೋಯಿತು. ಅದು ಉಸಿರಾಡುವುದು ಕೈಗೆ ಗೊತ್ತಾಗಿರಬೇಕು. ಕಣ್ಣು ಬಿಟ್ಟು ನೋಡಿದಳು. ಎಷ್ಟು ಹೊತ್ತು ನೋಡಿದಳೋ, ನರ್ಸು ಬೇರೆ ಕೂಸಿನ ಕೆಲಸ ಮುಗಿಸಿ ವಾಪಸ್ ಬಂದಾಗಲೂ ನೋಡುತ್ತಲೇ ಇದ್ದಳು.

"ಮಾವ, ಇದರ ಫೋಟೋ ತೆಗೀರಿ."

ನಾನು ತಬ್ಬಿಬ್ಬಾದೆ. ನಮ್ಮಲ್ಲಿ ಹೆಸರಿಡುವ ತನಕ ಕೂಸಿನ ಫೋಟೋ ತೆಗೆಯುವುದಿಲ್ಲ. ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರಿಕೆ. ಈಗಿನ ಹುಡುಗರು ಮೊಬೈಲಿನಲ್ಲಿ ಕದ್ದು ತೆಗೆಯುತ್ತಾರೇನೋ, ನಮ್ಮ ಮನೆಗಳಲ್ಲಿ ಅದೂ ಇಲ್ಲ. ಅಕ್ಕನ ಮುಖದ ಬಣ್ಣವೇ ಹೋಯಿತು.

"ಬ್ಯಾಡವ್ವಾ, ಬ್ಯಾಡ. ಇನ್ನೂ ಹೆಸರಿಟ್ಟಿಲ್ಲ. ಮನೆಗೆ ಹೋದ ಮ್ಯಾಲೆ ಎಷ್ಟು ಬೇಕಾದ್ರೂ ತೆಗಿಸ್ಕೋ."

ಹುಡುಗಿ ಕೂಸಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಮೊದಲನೇದರ ಮುಖ ನಂಗೆ ಮರ್ತು ಹೋಗೈತವ್ವಾ. ಎಷ್ಟು ನೆನೆಸ್ಕೊಂಡ್ರೂ ಬರ್ತಿಲ್ಲ. ಮೂಗು ಹೆಂಗಿತ್ತು, ಕಣ್ಣು ಹೆಂಗಿತ್ತು, ಏನೂ ಇಲ್ಲ. ನೋಡಾಕೆ ಒಂದು ಫೋಟೋನೂ ಇಲ್ಲ. ಇದರದ್ದೂ ನೋಡಿ, ಇದೂ ಮರ್ತು ಹೋದ್ರೆ ಅಂತಾನೇ ನಾನು ಬರ್ಲಿಲ್ಲ."

ಊರಿನ ಎಲ್ಲರ ಮನೆಯ ಮುಖಗಳನ್ನೂ ತೆಗೆದಿಟ್ಟವನು ನಾನು. ನಮ್ಮದೇ ಮನೆಯ ಆ ಕೂಸಿನ ಮುಖ ಈ ಲೋಕದಲ್ಲಿ ಎಲ್ಲಿಯೂ ಇಲ್ಲ. ಅದು ನನಗೆ ಆ ಹೊಸ್ತಿಲಲ್ಲಿ ನಿಂತಾಗ ಗೊತ್ತಾಯಿತು. ನರ್ಸು ನನ್ನನ್ನು, ಅಕ್ಕನನ್ನು, ಹುಡುಗಿಯನ್ನು ನೋಡಿ, "ಅಲ್ಲಿಂದಲೇ ಒಂದು ತೆಗೀರಿ. ಲೈಟ್ ಹೊಡೀಬೇಡಿ" ಅಂದರು.

ನಾನು ಅಕ್ಕನ ಕಡೆ ನೋಡಿದೆ. ಅವಳು ಹೂಂ ಅನ್ನದೆ ತೆಗೆಯುವ ಧೈರ್ಯ ನನಗಿರಲಿಲ್ಲ.

ಅಕ್ಕ ಮಗಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಬಗ್ಗಿ, ಕೂಸಿನ ಹುಬ್ಬಿನ ತನಕ ಇಳಿದಿದ್ದ ಉಣ್ಣೆಯ ಟೋಪಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಸರಿಸಿದಳು.

"ಈಗ ತೆಗಿ" ಅಂದಳು. "ಮುಖ ಪೂರಾ ಬರ್ಲಿ."